ಎಲೆಅಡಿಕೆ ತಟ್ಟೆಯಲ್ಲಿಟ್ಟ ಬುಷ್

2009ರಲ್ಲಿ ನಾನು ಬೆಂಗಳೂರಿನ ಒಂದು ದ್ವಿಪಕ್ಷೀಯ ವ್ಯಾಪಾರ ಮಂಡಳಿಯಲ್ಲಿ ಕಾರ್ಯಕ್ರಮ ಸಂಯೋಜಕಿಯಾಗಿದ್ದೆ. ರಾಮನಗರ ಪ್ರತ್ಯೇಕ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದರ ಪಕ್ಕ ಒಂದು ಶೆಡ್ಡು ಏಳುತ್ತಿತ್ತು. ದ್ವಿಪಕ್ಷೀಯ ಮಂಡಳಿ ಎಂದರೆ ಎರಡು ದೇಶಗಳ ಕಂಪನಿಗಳು ಸೇರಿ ಕಟ್ಟಿಕೊಂಡ ಸಂಘ. ಒಂದು ದೇಶ ನಮ್ಮದು. ಇನ್ನೊಂದರ ಹೆಸರು ಇಲ್ಲಿ ಬೇಡ; ಯುರೋಪಿನ ನಕ್ಷೆಯಲ್ಲಿ ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುವಷ್ಟು ದೇಶ ಅದು.

ನನ್ನ ಕೆಲಸ ಜನರನ್ನು ಸೇರಿಸುವುದು. ಹೊಸ ವರ್ಷದ ಔತಣ, ರಾಯಭಾರಿಗಳ ಸ್ವಾಗತ, ವರ್ಷಕ್ಕೊಂದು ಕ್ರಿಕೆಟ್ ಪಂದ್ಯ, ಮನೆಮಂದಿಯ ಜೊತೆ ಒಂದು ದಿನದ ಪ್ರವಾಸ. ಇವೆಲ್ಲಕ್ಕೂ ಸೇರಿ ಇಟ್ಟ ಹೆಸರು ನೆಟ್‌ವರ್ಕಿಂಗ್. ಅಂದರೆ ವ್ಯಾಪಾರದ ಮಾತನ್ನು ಕಚೇರಿಯಲ್ಲಿ ಆಡದೆ, ಊಟದ ನೆಪದಲ್ಲಿ ಆಡುವುದು. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ತಟ್ಟೆ, ಮೂರನೆಯದರಲ್ಲಿ ವಿಸಿಟಿಂಗ್ ಕಾರ್ಡು. ಮೂರನೆಯ ಕೈ ಇಲ್ಲದವರಿಗೆ ಅಲ್ಲಿ ಏಳಿಗೆ ಇರಲಿಲ್ಲ. ಹೆಸರಿನ ಬ್ಯಾಡ್ಜನ್ನು ಎದೆಯ ಬಲಗಡೆಗೇ ಸಿಕ್ಕಿಸಬೇಕು, ಕೈ ಕುಲುಕುವಾಗ ಎದುರಿನವರ ಕಣ್ಣು ಅಲ್ಲಿಗೇ ಹೋಗುತ್ತದೆ ಎಂಬುದನ್ನೂ ನಾನೇ ಎಲ್ಲರಿಗೂ ಹೇಳಿಕೊಡುತ್ತಿದ್ದೆ. ಸಂಬಳ ಬರುತ್ತಿದ್ದದ್ದು ಇಂಥ ವಿದ್ಯೆಗೆ.

ಮರಿಸ್ವಾಮಿ ನಮ್ಮ ಕಚೇರಿಗೆ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ರಾಮನಗರದ ಹತ್ತಿರದ ಕೈಲಾಂಚ ಕಡೆಯವರು. ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ಬಹಳ ವರ್ಷ ನಿಂತು, ಆಮೇಲೆ ಹಾರೋಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿದ್ದರು. ತಾವು ಬಿಟ್ಟು ಬಂದ ಕಾರ್ಖಾನೆಗೇ ಬಿಡಿಭಾಗ ಮಾಡಿಕೊಡುತ್ತಿದ್ದರು. ಈಗ ಆ ಕಾರ್ಖಾನೆ ಒಂದೊಂದೇ ವಿಭಾಗವನ್ನು ಮುಚ್ಚುತ್ತಿತ್ತು. ಹೊಸ ಗಿರಾಕಿ ಸಿಗದಿದ್ದರೆ ಶೆಡ್ಡಿಗೂ ಬೀಗ, ತಮ್ಮ ಜೊತೆ ಬಂದ ಕೆಲಸಗಾರರಿಗೂ ಬೇರೆ ದಾರಿ ಎಂದು ಅವರು ಮೊದಲ ಭೇಟಿಯಲ್ಲೇ ನನಗೆ ಹೇಳಿದರು.

ಅವರು ಹುಡುಕಿಕೊಂಡು ಬಂದ ಗಿರಾಕಿ ದೂರದಲ್ಲಿರಲಿಲ್ಲ. ಅವರ ಶೆಡ್ಡಿನ ಎದುರಿಗೇ ನಮ್ಮ ಮಂಡಳಿಯ ಸದಸ್ಯತ್ವ ಪಡೆದಿದ್ದ ಒಂದು ವಿದೇಶಿ ಪಂಪ್ ಕಂಪನಿ ಕಾರ್ಖಾನೆ ಕಟ್ಟುತ್ತಿತ್ತು. ಗೇಟಿನ ಕಾವಲುಗಾರ ಇವರನ್ನು ಒಳಗೆ ಬಿಡುತ್ತಿರಲಿಲ್ಲ. ಅಲ್ಲಿನ ಡೈರೆಕ್ಟರ್ ಸಿಗಬೇಕಾದರೆ ಬೆಂಗಳೂರಿನ ಪಾರ್ಟಿಗಳಿಗೇ ಹೋಗಬೇಕು ಎಂದು ಯಾರೋ ಹೇಳಿದ್ದರಂತೆ.

"ಅವ್ರ ಗೇಟು ನಮ್ಮ ಶೆಡ್ ಬಾಗ್ಲಿಗೆ ನೇರ ಐತೆ ಮೇಡಂ. ರಸ್ತೆ ದಾಟಕ್ಕೇಂತ ಬೆಂಗ್ಳೂರ್ಗೆ ಬಂದಿವ್ನಿ," ಎಂದರು.

ನಾನು ನಕ್ಕೆ. ನನ್ನ ಊರು ಅವರದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಎಂದು ತಿಳಿದ ಮೇಲೆ ಮೇಡಂ ಹೋಗಿ ಅಕ್ಕ ಆದೆ. ಸದಸ್ಯತ್ವದ ಫಾರಂ ತುಂಬಿ, ಜೇಬಿನಿಂದ ಗನ್‌ಮೆಟಲ್ ಎಂಬ ಕಂಚಿನ ಜಾತಿಯ ಲೋಹದ ಒಂದು ಬುಷ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬುಷ್ ಎಂದರೆ ತಿರುಗುವ ದಂಡಕ್ಕೂ ಅದನ್ನು ಹಿಡಿದಿರುವ ಪೆಟ್ಟಿಗೆಗೂ ನಡುವೆ ಕೂರುವ ಲೋಹದ ಬಳೆ. ದಂಡ ಸವೆಯದಿರಲೆಂದು ತಾನು ಸವೆಯುವ ವಸ್ತು. ಪಂಪಿನ ಒಳಗೆ ಅದು ಇದ್ದೇ ಇರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಹೊಂಬಣ್ಣದ್ದು, ಕೈಗೆ ತಂಪು, ಒಳಮೈಯನ್ನು ಬೆರಳಲ್ಲಿ ಸವರಿದರೆ ಬೆಣ್ಣೆಯಂತೆ ನುಣುಪು. ಎದುರಿನ ಕಾರ್ಖಾನೆಗೆ ಇಂಥವು ಬೇಕಾಗುತ್ತವೆ, ನಾನು ಮಾಡಿಕೊಡಬಲ್ಲೆ ಎಂದರು. ಅವರಿಗೆ ಬೇಕಿದ್ದದ್ದು ಇಷ್ಟೇ.

ಅವರ ಮೊದಲ ಸಂಜೆ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಆಯಿತು. ಮರಿಸ್ವಾಮಿ ಹೊಸ ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದರು. ಪಂಪ್ ಕಂಪನಿಯ ಡೈರೆಕ್ಟರನ್ನು ನಾನೇ ಕರೆತಂದು ಪರಿಚಯಿಸಿದೆ. ನಿಮ್ಮ ಎದುರಿನ ಶೆಡ್ಡಿನವರು, ಬಿಡಿಭಾಗ ಮಾಡುತ್ತಾರೆ ಎಂದೆ. ಡೈರೆಕ್ಟರ್ ಒಳ್ಳೆಯ ಮನುಷ್ಯ, ಕೆಂಪು ಮುಖ, ನಗುಮಾತು, ಲೆಕ್ಕಪತ್ರದ ಕಡೆಯಿಂದ ಮೇಲೆ ಬಂದವರು, ಎಂಜಿನಿಯರ್ ಅಲ್ಲ. ಬಹಳ ಸಂತೋಷ, ಒಂದು ಮೇಲ್ ಕಳುಹಿಸಿ ಎಂದು ಕಾರ್ಡು ಕೊಟ್ಟರು. ಮರಿಸ್ವಾಮಿ ಎರಡು ಕೈಯಲ್ಲೂ ಅದನ್ನು ಇಸಿದುಕೊಂಡರು. ಅಷ್ಟರಲ್ಲಿ ಯಾರೋ ಡೈರೆಕ್ಟರ ಕೈಗೆ ತಟ್ಟೆ ಕೊಟ್ಟರು. ಮರಿಸ್ವಾಮಿ ಹಿಂದೆ ಸರಿದು ಗೋಡೆಯ ಪಕ್ಕ ನಿಂತವರು ಸಂಜೆಯಿಡೀ ಅಲ್ಲಿಂದ ಕದಲಲಿಲ್ಲ.

ಹೊರಡುವ ಹೊತ್ತಿಗೆ, ಯಾಕೆ ಮಾತಾಡಲಿಲ್ಲ ಎಂದು ಕೇಳಿದೆ. "ಉಣ್ತಿರೋರ್ ಮುಂದೆ ಹೋಗಿ ಕೆಲ್ಸ ಕೊಡಿ ಅನ್ನದಾ ಅಕ್ಕ? ಗಂಟ್ಲಲ್ಲಿ ಅನ್ನ ಇಳಿಯೋದ್ ಬ್ಯಾಡ್ವಾ ಅವ್ರಿಗೆ?" ಎಂದರು. ಇಲ್ಲಿ ಬಂದವರೆಲ್ಲ ಉಣ್ಣುತ್ತಲೇ ಕೇಳುವುದು, ಕೇಳುತ್ತಲೇ ಉಣ್ಣುವುದು, ಅದಕ್ಕೇ ಈ ಸಂಜೆ ಇರುವುದು ಎಂದು ನಾನು ಬಿಡಿಸಿ ಹೇಳಿದೆ. ಅವರು ನನ್ನನ್ನು ನೋಡಿದ ರೀತಿ, ನಾನೇನೋ ಅಸಹ್ಯದ ಮಾತು ಆಡಿದಂತಿತ್ತು. ಮೇಲ್ ಕಳುಹಿಸಿದರು. ಕಂಪ್ಯೂಟರಿನಿಂದ ತಾನಾಗಿ ಬರುವ ಒಂದು ಉತ್ತರ ಬಂತು, ನಿಮ್ಮ ಆಸಕ್ತಿಗೆ ಧನ್ಯವಾದ ಎಂದು.

ಮತ್ತೆರಡು ಸಂಜೆಗಳು ಹೀಗೇ ಕಳೆದವು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ನಮ್ಮ ಸೀಮೆಯಲ್ಲಿ ಒಂದು ರೀತಿ ಇದೆ. ನಾನೂ ಅದರಲ್ಲೇ ಬೆಳೆದವಳು. ಯಾರಿಂದಲಾದರೂ ಒಂದು ಉಪಕಾರ ಆಗಬೇಕಾದರೆ ಅವರನ್ನು ಮನೆಗೆ ಕರೆದು ಊಟ ಹಾಕುತ್ತಾರೆ. ಊಟದಲ್ಲಿ ಆ ವಿಷಯ ಎತ್ತುವುದಿಲ್ಲ. ಕೈತೊಳೆದು ಬಂದ ಮೇಲೆ ಎಲೆಅಡಿಕೆ ತಟ್ಟೆ ಮುಂದಿಡುತ್ತಾರೆ. ಉಂಡವರು ಒಂದು ಎಲೆ ತೆಗೆದುಕೊಂಡು, ಸುಣ್ಣ ಸವರುತ್ತಾ, ಏನಪ್ಪಾ, ನಮ್ಮಿಂದ ಏನಾಗಬೇಕು ಎಂದು ತಾವೇ ಕೇಳುತ್ತಾರೆ. ಆಗ ಮನೆಯವನು ಹೇಳುತ್ತಾನೆ. ಕೆಲಸ ಆಗಬಹುದು, ಆಗದಿರಬಹುದು. ಕೇಳದೆ ಎದ್ದು ಹೋದವರನ್ನು ಮಾತ್ರ ನಾನು ಕಂಡಿರಲಿಲ್ಲ. ಮರಿಸ್ವಾಮಿಯೂ ಕಂಡಿರಲಿಲ್ಲ.

ಹಾಗಾಗಿ ಮುಂದಿನ ಬೇಸಿಗೆಯ ಪ್ರವಾಸಕ್ಕೆ ನಾನು ಜಾಗ ಹುಡುಕುತ್ತಿದ್ದಾಗ, ಕೈಲಾಂಚದ ತಮ್ಮ ಮಾವಿನ ತೋಪಿಗೆ ಎಲ್ಲರನ್ನೂ ಕರೆತನ್ನಿ, ಊಟ ನಮ್ಮ ಮನೆಯದು ಎಂದರು. ನಮ್ಮ ಮಂಡಳಿಯ ಅಧ್ಯಕ್ಷರಿಗೆ ಹಿಡಿಸಲಾರದಷ್ಟು ಖುಷಿ. ರೆಸಾರ್ಟಿನ ಖರ್ಚು ಉಳಿಯಿತು, ಮೇಲೆ ಹಳ್ಳಿಯ ಸೊಗಡು ಬೇರೆ.

ಊಟ ಬಹಳ ಚೆನ್ನಾಗಿತ್ತು. ಮರದ ನೆರಳಲ್ಲಿ ಚಾಪೆ, ಬಾಳೆಎಲೆ, ನಾಟಿ ಕೋಳಿ ಸಾರು, ಮುದ್ದೆ, ಮಾವಿನಹಣ್ಣಿನ ಸೀಕರಣೆ. ಮರಿಸ್ವಾಮಿಯ ಹೆಂಡತಿ ಜಯಮ್ಮ ಹಿಂದಿನ ದಿನದಿಂದ ಒಲೆಯ ಮುಂದೆ ಇದ್ದವರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಡೈರೆಕ್ಟರಿಗೆ ಹೇಳಿಕೊಡುತ್ತಾ ಮರಿಸ್ವಾಮಿ ಮೊದಲ ಸಲ ಮನಸಾರೆ ನಕ್ಕದ್ದನ್ನು ನೋಡಿದೆ. ಕೈತೊಳೆದಾದ ಮೇಲೆ ಅವರು ಒಳಗೆ ಹೋಗಿ, ಅಂಗಿ ಬದಲಿಸಿ, ಹಿತ್ತಾಳೆ ತಟ್ಟೆಯಲ್ಲಿ ಎಲೆಅಡಿಕೆ ಜೋಡಿಸಿಕೊಂಡು ಬಂದು ಡೈರೆಕ್ಟರ ಎದುರು ಕೂತರು. ಡೈರೆಕ್ಟರ್ ತಟ್ಟೆಯ ಫೋಟೋ ತೆಗೆದರು. ಒಂದು ಎಲೆಯನ್ನು ಕರವಸ್ತ್ರದಲ್ಲಿ ಮಡಿಸಿ, ಹೆಂಡತಿಗೆ ತೋರಿಸುತ್ತೇನೆಂದು ಜೇಬಿಗಿಟ್ಟರು. ಎದ್ದು, ಕೈಮುಗಿದು, ಅದ್ಭುತ ಎಂದು ಬಸ್ಸು ಹತ್ತಿದರು. ಮರಿಸ್ವಾಮಿ ತಟ್ಟೆ ಹಿಡಿದುಕೊಂಡು ಬಸ್ಸಿನ ಬಾಗಿಲವರೆಗೂ ಬಂದರು.

ಆ ವಾರವೇ ನಾನು ಅಧ್ಯಕ್ಷರ ಬಳಿ ಹೋದೆ. ಮರಿಸ್ವಾಮಿ ಯಾಕೆ ಊಟ ಹಾಕಿದರು ಎಂದು ಡೈರೆಕ್ಟರಿಗೆ ತಿಳಿಸಬೇಕು, ನೀವು ಒಂದು ಮಾತು ಹೇಳಿ ಎಂದೆ. ಅವರು ಕುರ್ಚಿಗೆ ಒರಗಿ, "ನೋಡಿ, ನಾವು ಭೇಟಿ ಮಾಡಿಸುವವರು. ಮದುವೆ ಮಾಡಿಸುವವರಲ್ಲ," ಎಂದರು. ಒಬ್ಬ ಸದಸ್ಯನ ಪರವಾಗಿ ಸಿಬ್ಬಂದಿ ಮಾತಾಡಬಾರದು ಎಂಬ ನಿಯಮವನ್ನೂ ನೆನಪಿಸಿದರು. ಅದೇ ಅಧ್ಯಕ್ಷರು ತಮ್ಮ ಅಳಿಯನ ಸಾಗಣೆ ಕಂಪನಿಯವರನ್ನು ಪ್ರತಿ ಔತಣದಲ್ಲೂ ಯಾರ ಪಕ್ಕ ಕೂರಿಸಬೇಕು ಎಂದು ನನಗೆ ಬರೆದು ಕಳುಹಿಸುತ್ತಿದ್ದರು. ಆ ನಿಯಮಕ್ಕೆ ಯಾರ ಮುಂದೆ ಹಲ್ಲಿದೆ, ಯಾರ ಮುಂದೆ ಇಲ್ಲ ಎಂಬುದು ನನಗೆ ಅಂದು ಅರ್ಥವಾಯಿತು.

ಮರಿಸ್ವಾಮಿಯ ಮನೆಗೇ ಹೋಗಿ ಅವರಿಗೂ ಹೇಳಿದೆ. ಡೈರೆಕ್ಟರಿಗೆ ಈ ರೀತಿ ಗೊತ್ತಿಲ್ಲ, ಎಲೆಅಡಿಕೆಗೆ ಕಾಯಬೇಡಿ, ಬಾಯಿಬಿಟ್ಟು ಕೇಳಿ ಎಂದೆ. ಅವರು ಒಪ್ಪಲಿಲ್ಲ. "ಮನೇಗ್ ಕರ್ದು ಉಣ್ಣಕ್ಕಿಕ್ಕಿ ಕೈಚಾಚದಾ ಅಕ್ಕ? ಅದು ಊಟ ಹಾಕ್ದಂಗಾ, ಗಾಳ ಹಾಕ್ದಂಗಾ? ಒಂದ್ಸಲ ಉಂಡವ್ರೆ. ಮುಂದಿನ್ ಸಲ ಕೇಳೇ ಕೇಳ್ತಾರೆ." ಒಳಗಿನಿಂದ ಜಯಮ್ಮ, ಬರೀ ಬಡಿಸಿಕೊಂಡೇ ಇದ್ದರೆ ಬಡಿಸುವವರು ಅಂತಲೇ ತಿಳಿದುಕೊಳ್ಳುತ್ತಾರೆ ಎಂದದ್ದು ಕೇಳಿಸಿತು. ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ತೋಪಿನ ಊಟ ಮಂಡಳಿಯ ಕ್ಯಾಲೆಂಡರಿನಲ್ಲಿ ಅಚ್ಚಾಯಿತು. ಈ ಸಲ ಅಧ್ಯಕ್ಷರು, ಊಟ ಹಾಕುವ ಮನೆಯವರು ಪ್ಯಾಂಟು ಹಾಕಬಾರದು, ಪಂಚೆ, ಪೇಟ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಹೇಳಿಕಳುಹಿಸಿದರು. ಮರಿಸ್ವಾಮಿ ಪೇಟವನ್ನು ಯಾರಿಂದಲೋ ಎರವಲು ತಂದರು. ಅವರ ಮನೆಯಲ್ಲಿ ಯಾರೂ ಸುತ್ತುತ್ತಿರಲಿಲ್ಲ. ಮೈಕಿನಲ್ಲಿ ಅಧ್ಯಕ್ಷರು ಅವರನ್ನು ನಮ್ಮ ರೈತ ಮಿತ್ರ ಎಂದು ಪರಿಚಯಿಸಿದರು. ಶೆಡ್ಡಿನ ಹೆಸರು ಹೇಳಬೇಕೆಂದು ನಾನು ಬರೆದುಕೊಟ್ಟಿದ್ದ ಸಾಲನ್ನು ನುಂಗಿಬಿಟ್ಟರು. ಆಮೇಲೆ ಕೇಳಿದ್ದಕ್ಕೆ, ತೋಪಿನಲ್ಲಿ ನಿಂತು ಲೇತ್ ವಿಷಯ ಹೇಳಿದರೆ ಮಜಾ ಇರುವುದಿಲ್ಲ ಎಂದರು. ಎಲೆಅಡಿಕೆಯ ತಟ್ಟೆ ಆ ವರ್ಷವೂ ಬಂದು ಹಾಗೇ ಹಿಂದಿರುಗಿತು.

ಮೂರನೆಯ ವರ್ಷದ ಹೊತ್ತಿಗೆ ಎದುರಿನ ಕಾರ್ಖಾನೆಯಲ್ಲಿ ಪಂಪುಗಳು ತಯಾರಾಗುತ್ತಿದ್ದವು. ಮರಿಸ್ವಾಮಿಯ ಶೆಡ್ಡಿನಲ್ಲಿ ಒಂದು ಯಂತ್ರ ಮಾತ್ರ ಓಡುತ್ತಿತ್ತು. ಈ ಸಲ ಜಯಮ್ಮ ಗಂಡನನ್ನು ಕೇಳದೆ ಒಂದು ಕೆಲಸ ಮಾಡಿದರು. ಶೆಡ್ಡಿನಿಂದ ಒಂದು ಬುಷ್ ತರಿಸಿ, ಹುಣಸೆಹಣ್ಣಿನಲ್ಲಿ ಉಜ್ಜಿ ಮಿರಮಿರ ಮಾಡಿ, ಎಲೆಅಡಿಕೆಯ ನಡುವೆ ಇಟ್ಟು ಕಳುಹಿಸಿದರು. ಕೇಳಲೂ ಇಲ್ಲ, ಹೇಳಿದಂತೆಯೂ ಆಯಿತು ಎಂಬುದು ಅವರ ಲೆಕ್ಕ. ಆ ಹೊತ್ತಿನಲ್ಲಿ ನಾನು ಮಕ್ಕಳನ್ನೆಲ್ಲ ಬಸ್ಸಿಗೆ ಹತ್ತಿಸುತ್ತಿದ್ದೆ. ಏನಾಯಿತೆಂದು ಆಮೇಲೆ ಜಯಮ್ಮನೇ ಹೇಳಿದರು. ಡೈರೆಕ್ಟರ್ ಈ ಸಲ ಎಲೆ ಮುಟ್ಟಲಿಲ್ಲ, ಬುಷ್ ಎತ್ತಿಕೊಂಡರು. ಬೆಳಕಿಗೆ ಹಿಡಿದು ಒಳಗಿನಿಂದ ನೋಡಿದರು. ಚೆಂದ ಇದೆ ಎಂದು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಜೇಬಿಗೆ ಹಾಕಿಕೊಂಡರು.

"ಸ್ಯಾಂಪಲ್ ಜೇಬ್ಗಾಕ್ಕಂಡ್ರು ಅಂದ್ರೆ ಒಪ್ಕಂಡಂಗೇ ಅಲ್ವಾ ಅಕ್ಕ?" ಎಂದು ಜಯಮ್ಮ ಕೇಳಿದರು. ಆ ವ್ಯವಹಾರದಲ್ಲಿ ಅದು ಹಾಗೆಯೇ. ಕಬ್ಬಿಣದ ಪೇಟೆಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಬೇಡದ ಸ್ಯಾಂಪಲನ್ನು ಅಲ್ಲೇ ಹಿಂದಿರುಗಿಸುತ್ತಾರೆ, ಇಟ್ಟುಕೊಂಡರೆ ಮಾತು ಮುಂದುವರಿಯುತ್ತದೆ. ಒಮ್ಮೆ ಖಚಿತ ಮಾಡಿಕೊಳ್ಳಿ ಎಂದು ನಾನು ಹೇಳಿದೆ. ಆದರೆ ಗಂಡಹೆಂಡತಿ ಇಬ್ಬರ ಮುಖವೂ ಆ ದಿನ ಬೆಳಗಿತ್ತು. ಮರಿಸ್ವಾಮಿ ಯಂತ್ರಗಳನ್ನು ಬಿಚ್ಚಿ ಸರ್ವಿಸ್ ಮಾಡಿಸಿದರು. ಕನಕಪುರದವರೊಬ್ಬರು ಕೊಡಲು ಬಂದ ಗ್ರಾನೈಟ್ ಯಂತ್ರದ ಬಿಡಿಭಾಗಗಳ ಕೆಲಸವನ್ನು, ದೊಡ್ಡದೊಂದು ಬರುತ್ತಿದೆ, ನಿಮಗೆ ಮಾತು ಕೊಟ್ಟು ತಡ ಮಾಡಿದರೆ ಚೆನ್ನಾಗಿರುವುದಿಲ್ಲ ಎಂದು ಬೇಡವೆಂದರು. ಆ ಕೆಲಸ ಬೇರೆಯವರ ಪಾಲಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಳಿಯ ಯಾವುದೋ ಸಭೆಯ ಕೆಲಸಕ್ಕೆ ನಾನು ಹಾರೋಹಳ್ಳಿಯ ಆ ಪಂಪ್ ಕಾರ್ಖಾನೆಗೆ ಹೋದೆ. ಡೈರೆಕ್ಟರ ಮೇಜಿನ ಮೇಲೆ ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ಬುಷ್ ಕೂತಿತ್ತು. ನನ್ನ ಕಣ್ಣು ಹೋದದ್ದನ್ನು ನೋಡಿ ಅವರೇ ಎತ್ತಿ ತೋರಿಸಿದರು. ಇದು ನಿಮ್ಮ ಕಡೆಯ ಪದ್ಧತಿಯಂತೆ ಅಲ್ಲವೇ, ಅತಿಥಿಗೆ ಎಲೆಯ ಜೊತೆ ಹಿತ್ತಾಳೆಯ ಉಂಗುರ ಕೊಡುವುದು, ಶುಭವಂತೆ, ಮಂಡಳಿಯ ಅಧ್ಯಕ್ಷರು ಬಸ್ಸಿನಲ್ಲಿ ಹೇಳಿದರು ಎಂದರು.

ನಾನು ನಿಯಮ ಮರೆತೆ. ಮೂರು ವರ್ಷದ ಕಥೆಯನ್ನೆಲ್ಲ ಮೊದಲಿಂದ ಹೇಳಿದೆ. ಇದು ಉಂಗುರವಲ್ಲ, ನಿಮ್ಮ ಪಂಪಿನ ಒಳಗಿರುವಂಥ ಬುಷ್. ಕೊಟ್ಟವರು ರೈತ ಮಿತ್ರರಲ್ಲ, ಹೋಟೆಲಿನಲ್ಲಿ ನಾನೇ ಪರಿಚಯಿಸಿದ್ದ, ನಿಮ್ಮ ಕಿಟಕಿಯಿಂದ ಕಾಣುವ ಆ ನೀಲಿ ಶೆಡ್ಡಿನ ಮಾಲೀಕರು. ಊಟ ಹಾಕಿದ್ದು ನೀವು ಒಂದು ಮಾತು ಕೇಳಲಿ ಎಂದು. ಡೈರೆಕ್ಟರ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಖರೀದಿ ವಿಭಾಗದವರನ್ನು ಅಲ್ಲೇ ಕರೆಸಿದರು. ಬುಷ್ಷುಗಳು ಹೊರರಾಜ್ಯದ ಒಂದು ಕಂಪನಿಯಿಂದ ಬರುತ್ತಿವೆ, ಕರಾರು ಅವರ ದೇಶದ ಮುಖ್ಯ ಕಚೇರಿಯಲ್ಲೇ ಆಗಿಹೋಗಿದೆ, ಇನ್ನು ಕೆಲವು ವರ್ಷ ಬದಲಿಸುವಂತಿಲ್ಲ ಎಂದು ತಿಳಿಯಿತು. ಹೋದ ವರ್ಷದ ಬೇಸಿಗೆಯಲ್ಲಿ ಕೇಳಿದ್ದರೆ ಆಗುತ್ತಿತ್ತು ಎಂದು ಖರೀದಿಯವರು ಹೇಳಿದರು. ಹೋದ ವರ್ಷದ ಬೇಸಿಗೆ ಎಂದರೆ ಪೇಟದ ಬೇಸಿಗೆ.

"ಆದರೆ ಅವರು ಒಂದು ಸಲವೂ ಕೇಳಲಿಲ್ಲವಲ್ಲ," ಎಂದರು ಡೈರೆಕ್ಟರ್. ಸುಳ್ಳೇನಲ್ಲ. ಅವರ ಕಡೆ ಬೇಕಾದವನು ಕೇಳುತ್ತಾನೆ, ನಮ್ಮ ಕಡೆ ಉಂಡವನು ಕೇಳುತ್ತಾನೆ. ಇಬ್ಬರೂ ಎದುರಿನವರ ಬಾಯಿ ನೋಡುತ್ತಾ ಮೂರು ವರ್ಷ ಕೂತಿದ್ದರು. ಎರಡೂ ಗೊತ್ತಿದ್ದು, ಎರಡರಿಂದಲೂ ಲಾಭ ಮಾಡಿಕೊಂಡವರು ಮೈಕು ಹಿಡಿದಿದ್ದರು.

ಡೈರೆಕ್ಟರಿಗೆ ನಿಜಕ್ಕೂ ಬೇಜಾರಾಗಿತ್ತು. ಏನಾದರೂ ಮಾಡಲೇಬೇಕೆಂದು ಹಟ ಹಿಡಿದು, ಕೊನೆಗೆ ತಮ್ಮ ಕೈಯಲ್ಲಿದ್ದ ಒಂದೇ ಒಂದನ್ನು ಮುಂದಿಟ್ಟರು. ಅದು ಕಾರ್ಖಾನೆಯ ಕ್ಯಾಂಟೀನ್ ಗುತ್ತಿಗೆ.

ಅದನ್ನು ಮರಿಸ್ವಾಮಿಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಅಲ್ಲಿಂದ ರಸ್ತೆ ದಾಟಿ ಶೆಡ್ಡಿಗೆ ಹೋದೆ. ಮರಿಸ್ವಾಮಿ ಸ್ಟೂಲಿನ ಮೇಲೆ ಕೂತು, ಊಟ ತಂದಿದ್ದ ಜಯಮ್ಮ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಮರಿಸ್ವಾಮಿ, ಬುಷ್ ಈಗ ಎಲ್ಲಿದೆ ಎಂದರು. ಮೇಜಿನ ಮೇಲಿದೆ ಎಂದೆ.

"ಕಪ್ಪಾಗೈತಾ ಅಕ್ಕ?"

"ಇಲ್ಲ. ಹೊಳೀತಿತ್ತು."

"ದಿನಾ ಒರೆಸ್ತಾರೇನೋ. ಒಸಿ ಚೆನ್ನಾಗೇ ಮಡಿಕಂಡವ್ರೆ ಹಂಗಾರೆ," ಎಂದರು. ಜಯಮ್ಮ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದುಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಗುತ್ತಿಗೆ ಒಪ್ಪಿಕೊಂಡರು. ಜೊತೆಗಿದ್ದವರಿಗೆ ಸಂಬಳ ಕೊಡಬೇಕಿತ್ತು, ಬೇರೆ ದಾರಿ ಇರಲಿಲ್ಲ. ಹಾಗೆ ಮರಿಸ್ವಾಮಿ ಕೊನೆಗೂ ಆ ಗೇಟಿನೊಳಗೆ ಹೋದರು, ಪಾತ್ರೆಗಳ ಟೆಂಪೋದಲ್ಲಿ ಕೂತು. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹ ತೆಗೆಯುತ್ತಿದ್ದ ಅವರ ಹಳೆಯ ಟರ್ನರ್ ಒಬ್ಬರು ಸಾರಿನ ಸೌಟು ಹಿಡಿದು ನಿಂತದ್ದನ್ನು ನಾನೇ ನೋಡಿದ್ದೇನೆ. ಯಂತ್ರಗಳನ್ನು ಒಂದೊಂದಾಗಿ ಮಾರಿದರು. ನೀಲಿ ಶೆಡ್ಡು ಪಾತ್ರೆ ಇಡುವ ಗೋದಾಮಾಯಿತು. ಮಂಡಳಿಯ ವಾರ್ಷಿಕ ಸಂಚಿಕೆಯಲ್ಲಿ ಅಧ್ಯಕ್ಷರು ಇದನ್ನು ನೆಟ್‌ವರ್ಕಿಂಗ್‌ನ ಯಶಸ್ಸಿನ ಕಥೆಯೆಂದು ಪೇಟದ ಫೋಟೋ ಸಮೇತ ಹಾಕಿಸಿದರು. ಅದರ ಕರಡನ್ನು ತಿದ್ದಲು ನನಗೆ ಕೊಟ್ಟಾಗ ನಾನು ಹಾಗೇ ಹಿಂದಿರುಗಿಸಿದೆ. ಬೇರೆ ಯಾರೋ ತಿದ್ದಿದರು.

ಜನರನ್ನು ಒಂದು ಕಡೆ ಸೇರಿಸಿಬಿಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ನಮ್ಮ ವೃತ್ತಿಯವರು ನಂಬುತ್ತಾರೆ. ಆಗುವುದಿಲ್ಲ. ಉಂಡರೆ ಋಣ ಎಂದು ತಿಳಿದವನನ್ನೂ ಉಂಡರೆ ಊಟ ಮುಗಿಯಿತು ಎಂದು ತಿಳಿದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ, ಎದ್ದಾಗ ಕೈ ಬರಿದಾಗಿರುವುದು ಯಾವಾಗಲೂ ಒಬ್ಬನದೇ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿಯಲು ತೆತ್ತವರು ಮಾತ್ರ ಬೇರೆಯವರು.

ಕೆಲವು ವರ್ಷಗಳ ನಂತರ ನಾನು ನಿವೃತ್ತಳಾದೆ. ಮಂಡಳಿಯವರು ಒಂದು ಬೀಳ್ಕೊಡುಗೆ ಊಟ ಇಟ್ಟರು. ಅಡುಗೆಯ ಗುತ್ತಿಗೆ ಮರಿಸ್ವಾಮಿಯದು. ಭಾಷಣಗಳು ಮುಗಿದು ಜನ ಚದುರಿದ ಮೇಲೆ ಅವರು ಅದೇ ಹಿತ್ತಾಳೆ ತಟ್ಟೆ ಹಿಡಿದು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಕೂದಲು ನೆರೆತಿತ್ತು, ಮೈ ಸ್ವಲ್ಪ ಬಂದಿತ್ತು. ನಾನು ಒಂದು ಎಲೆ ತೆಗೆದುಕೊಂಡು ತೊಟ್ಟು ಮುರಿದೆ. ಸುಣ್ಣ ಸವರುತ್ತಾ, ಊರಿನಲ್ಲಿ ನನ್ನ ತಂದೆ ಕೇಳುತ್ತಿದ್ದ ಹಾಗೆಯೇ ಕೇಳಿದೆ.

"ಏನಪ್ಪಾ ಮರಿಸ್ವಾಮಿ, ನಮ್ಮಿಂದ ಏನಾಗ್ಬೇಕು?"

ಅವರ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ಈಗೇನೂ ಬ್ಯಾಡ ಅಕ್ಕ," ಎಂದರು. "ಲೇತ್ ಮಾರ್ಬುಟ್ಟೆ."

ತಟ್ಟೆ ಎತ್ತಿಕೊಂಡು, ಪಾತ್ರೆಗಳನ್ನು ಟೆಂಪೋಗೆ ತುಂಬಿಸಲು ಹೋದರು.